ಹಳೇ ಎಕ್ಸ್‌ಪಿಗೆ ಗ್ರೆಪ್, ಆಕ್: ಗ್ನೂವಿನ್32, ಸಿಗ್‌ವಿನ್, ಬ್ಯುಸಿಬಾಕ್ಸ್ ಹಚ್ಚಿ ನೋಡಿದ್ದು

ಗಂಗಾವತಿ ಕಡೆಯ ಒಂದು ಅಕ್ಕಿ ಗಿರಣಿಯ ವೇಬ್ರಿಡ್ಜ್ ಕೋಣೆಯಲ್ಲಿ ವಿಂಡೋಸ್ ಎಕ್ಸ್‌ಪಿ ಇನ್ನೂ ಓಡುತ್ತಿದೆ. ಮೈಕ್ರೋಸಾಫ್ಟ್ 2014ರ ಏಪ್ರಿಲ್ 8ಕ್ಕೇ ಅದರ ಕೈ ಬಿಟ್ಟಿತು. ಆದರೆ ತೂಕದ ಯಂತ್ರದಿಂದ ಸೀರಿಯಲ್ ಪೋರ್ಟ್ ಮೂಲಕ ಅಂಕಿ ಓದುವ ಹಳೇ ಸಾಫ್ಟ್‌ವೇರ್ ಬೇರೆಲ್ಲೂ ಏಳುವುದಿಲ್ಲ. ಹೊಸ ಕಂಪ್ಯೂಟರ್ ಮಾತೆತ್ತಿದರೆ ಸಾವ್ಕಾರ್ರದು ಒಂದೇ ಉತ್ತರ: "ನಡ್ಯಾಕತ್ತೈತಲ್ಲೋ ತಮ್ಮಾ, ಅದನ್ಯಾಕ ಮುಟ್ತಿ?" ಹೀಗಾಗಿ ಅದನ್ನು ಮುಟ್ಟದೆ, ಅದು ಬರೆದಿಡುವ ಟೆಕ್ಸ್ಟ್ ಫೈಲಿನಿಂದ ಯಾವ ತಳಿಯ ಭತ್ತ ಎಷ್ಟು ಕ್ವಿಂಟಲ್ ಬಂತು ಅಂತ ತೆಗೆಯಬೇಕಿತ್ತು. ಲಿನಕ್ಸ್‌ನಲ್ಲಾದರೆ ಆಕ್ ಎಂಬ, ಸಾಲು-ಕಾಲಮ್ಮುಗಳ ಲೆಕ್ಕ ತೆಗೆಯುವ ಕಮಾಂಡಿನ ಒಂದು ಸಾಲಿನ ಕೆಲಸ. ನೆಟ್ ಇಲ್ಲದ ಎಕ್ಸ್‌ಪಿಯಲ್ಲಿ ಆ ಆಕ್ ಎಲ್ಲಿಂದ ತರುವುದು ಅನ್ನೋದೇ ತಕರಾರು.

ಮೊದಲು ಹಾಕಿದ್ದು ಗ್ನೂವಿನ್32, ಯುನಿಕ್ಸ್ ಕಮಾಂಡುಗಳನ್ನು ವಿಂಡೋಸ್‌ಗೆ ತಂದ ಸಂಗ್ರಹ. ಹೆಸರು ಹಳೆಯದು, ಸರಕೂ ಹಳೆಯದೇ: ಪದ ಹುಡುಕುವ ಗ್ರೆಪ್ 2.5.4, ಪದ ಬದಲಿಸುವ ಸೆಡ್ 4.2.1, ಆಕ್‌ನ ಗ್ನೂ ರೂಪವಾದ ಗಾಕ್ 3.1.6. ಒಂದೊಂದಕ್ಕೂ ಬೇಕಾದ ಡಿಎಲ್‌ಎಲ್ ಎಂಬ ಸಹಾಯಕ ಫೈಲುಗಳನ್ನು ಹುಡುಕಿ ಪಕ್ಕದಲ್ಲಿಡಬೇಕು. ಅದಾದ ಮೇಲೆ ಹೆಸರಿನ ಜಗಳ. ಸಾರ್ಟ್, ಫೈಂಡ್ ಎಂಬ ಪ್ರೋಗ್ರಾಂಗಳು ವಿಂಡೋಸ್‌ನ ಸಿಸ್ಟಮ್32 ಫೋಲ್ಡರ್ ಒಳಗೆ ಮೊದಲೇ ಇವೆ, ಪಾತ್‌ನಲ್ಲಿ (ಪ್ರೋಗ್ರಾಂ ಹುಡುಕುವ ಫೋಲ್ಡರುಗಳ ಪಟ್ಟಿಯಲ್ಲಿ) ಯಾವುದು ಮುಂದಿದೆಯೋ ಅದೇ ಓಡುತ್ತದೆ. ಜೊತೆಗೆ ವಿಂಡೋಸ್‌ನ ಕಮಾಂಡ್ ಕಿಟಕಿಯಾದ ಸಿಎಂಡಿಗೆ ಒಂಟಿ ಉದ್ಧರಣ ಚಿಹ್ನೆ ಅರ್ಥವಾಗುವುದಿಲ್ಲ, ಲಿನಕ್ಸ್‌ನಲ್ಲಿ ಬರೆದ ಆಕ್ ಸಾಲನ್ನು ಹಾಗೇ ತಂದು ಹಾಕುವಂತಿಲ್ಲ. ಇಷ್ಟನ್ನೂ ಸಹಿಸಬಹುದಿತ್ತು.

ಸಹಿಸಲಾಗದ್ದು ಕಂಟ್ರೋಲ್-ಝಡ್. ನಮ್ಮ ತೂಕದ ಸಾಫ್ಟ್‌ವೇರ್ ಡಾಸ್ ಕಾಲದ ರೂಢಿಯಂತೆ ದಿನದ ಲೆಕ್ಕ ಮುಗಿದಾಗ ಆ ಗುರುತು, ಅಂದರೆ 26ನೇ ಸಂಖ್ಯೆಯ ಬೈಟ್, ಬರೆಯುತ್ತದೆ. ಮರುದಿನದ ಲಾರಿಗಳನ್ನು ಅದರ ಮುಂದೆಯೇ ಸೇರಿಸುತ್ತಾ ಹೋಗುತ್ತದೆ. ಟೆಕ್ಸ್ಟ್ ಮೋಡ್‌ನಲ್ಲಿ ಫೈಲ್ ತೆರೆಯುವ ಗಾಕ್‌ಗೆ ಆ ಬೈಟ್ ಕಂಡರೆ ಫೈಲೇ ಮುಗಿಯಿತು. ಎರರ್ ಇಲ್ಲ, ಎಚ್ಚರಿಕೆ ಇಲ್ಲ. ಮೊದಲ ದಿನದ ಮೊತ್ತವನ್ನೇ ಇಡೀ ತಿಂಗಳ ಮೊತ್ತ ಎಂದು ಅಚ್ಚುಕಟ್ಟಾಗಿ ತೋರಿಸುತ್ತದೆ. ಗುಮಾಸ್ತರ ಕೈಬರಹದ ವಹಿ ಪಕ್ಕದಲ್ಲಿ ಇದ್ದದ್ದಕ್ಕೆ ಗೊತ್ತಾಯಿತು.

ಸಿಗ್‌ವಿನ್ ಬೇರೆ ಜಾತಿಯದು. ಎಕ್ಸ್‌ಪಿಯಲ್ಲಿ ನಡೆಯುವ ಕೊನೆಯ ಆವೃತ್ತಿ 2016ರ 2.5.2. ಸೆಟಪ್ ಕೂಡ ಹಳೆಯ 2.874 ಬೇಕು, ಪ್ಯಾಕೇಜುಗಳನ್ನು ಬೇರೆ ಕಂಪ್ಯೂಟರಿನಲ್ಲಿ ಹಳೇ ಸಂಗ್ರಹದಿಂದ ಇಳಿಸಿಕೊಂಡು ಪೆನ್‌ಡ್ರೈವ್‌ನಲ್ಲಿ ಒಯ್ಯಬೇಕು. ಒಮ್ಮೆ ಕೂತರೆ ಮಾತ್ರ ಪೂರಾ ಯುನಿಕ್ಸ್ ಸಂಸಾರವೇ ಸಿಗುತ್ತದೆ. ನಿಧಾನ ಅಂದರೆ ನಿಧಾನ. ವಿಂಡೋಸ್‌ನಲ್ಲಿ ಫೋರ್ಕ್, ಅಂದರೆ ಓಡುತ್ತಿರುವ ಪ್ರೋಗ್ರಾಂನ ನಕಲು ಎಬ್ಬಿಸುವ ಸೌಲಭ್ಯ, ಇಲ್ಲ, ಸಿಗ್‌ವಿನ್ ಅದನ್ನು ಕಷ್ಟಪಟ್ಟು ನಟಿಸುತ್ತದೆ. ಫೈಲಿಗೊಂದು ಕಮಾಂಡ್ ಓಡಿಸುವ ಲೂಪ್ ಹಾಕಿ ಚಹಾಕ್ಕೆ ಹೋಗಿ ಬರಬಹುದು.

ಬ್ಯುಸಿಬಾಕ್ಸ್-ಡಬ್ಲ್ಯೂ32ಗೆ ಇನ್‌ಸ್ಟಾಲ್ ಎಂಬುದೇ ಇಲ್ಲ. ಹಲವು ಕಮಾಂಡುಗಳು ಒಳಗಿರುವ, ಒಂದು ಎಂಬಿಗೂ ಕಡಿಮೆಯ ಒಂದೇ ಇಎಕ್ಸ್‌ಇ, 32 ಬಿಟ್‌ನದು ಎಕ್ಸ್‌ಪಿಯಲ್ಲಿ ಓಡುತ್ತದೆ. ಬ್ಯುಸಿಬಾಕ್ಸ್ ಎಂದು ಬರೆದು ಮುಂದೆ ಸಾರ್ಟ್ ಎಂದರೆ ಅದರೊಳಗಿನದೇ ಓಡುವುದರಿಂದ ಹೆಸರಿನ ಜಗಳವಿಲ್ಲ. ಕಮಾಂಡ್ ಓದುವ ಶೆಲ್ ಅದರದೇ ಇರುವುದರಿಂದ ಉದ್ಧರಣ ಚಿಹ್ನೆಯ ಗೋಳೂ ಇಲ್ಲ. ಕಂಟ್ರೋಲ್-ಝಡ್ ದಾಟಿ ಕೊನೆಯವರೆಗೆ ಓದಿತು. ಆದರೂ ನಾನು ಮೊದಲು ಟಿಆರ್ ಎಂಬ ಅಕ್ಷರ ತೆಗೆಯುವ ಕಮಾಂಡಿನಿಂದ ಆ ಬೈಟನ್ನೂ ವಿಂಡೋಸ್ ಸಾಲಿನ ಕೊನೆಗೆ ಹಾಕುವ ಸಿಆರ್ ಗುರುತನ್ನೂ ಕಿತ್ತುಹಾಕಿ ಆಮೇಲೆ ಆಕ್‌ಗೆ ಕೊಡುತ್ತೇನೆ. ತಳಿವಾರು ಮೊತ್ತ ವಹಿಗೆ ಹೊಂದಿತು.

ಕನ್ನಡದ ಹತ್ತಿರ ಬಂದಾಗ ಆಟ ತಿರುಗಿತು. ರೈತರ ಊರುಗಳನ್ನು ಗುಮಾಸ್ತರು ನೋಟ್‌ಪ್ಯಾಡ್‌ನಲ್ಲಿ ಯೂನಿಕೋಡ್ ಕನ್ನಡದಲ್ಲೇ ಬರೆದಿಡುತ್ತಾರೆ. ಯೂನಿಕೋಡನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8ನಲ್ಲಿ "ಅಕ್ಕಿ" ಅಂದರೆ ಐದು ಸಂಕೇತ, 15 ಬೈಟ್. ಉದ್ದ ಎಷ್ಟು ಎಂದು ಕೇಳಿದರೆ ಸಿಗ್‌ವಿನ್ 5 ಎನ್ನುತ್ತದೆ, ಉಳಿದೆರಡೂ 15. ಕಣ್ಣಿಗೆ ಕಾಣುವುದು ಎರಡೇ ಅಕ್ಷರ, ಆದರೆ ಎರಡು ಎನ್ನುವವರು ಯಾರೂ ಇಲ್ಲ! ಪಟ್ಟಿಯ ಕಾಲಮ್ಮುಗಳು ಸೊಟ್ಟಗಾಗುವುದು ಇಲ್ಲೇ. ಇದಕ್ಕಿಂತ ದೊಡ್ಡ ಪೆಟ್ಟು ಕಮಾಂಡ್ ಲೈನಿನದು. ಎಕ್ಸ್‌ಪಿಯ ಎಎನ್‌ಎಸ್‌ಐ ಕೋಡ್‌ಪೇಜಿನಲ್ಲಿ, ಅಂದರೆ ಯೂನಿಕೋಡ್ ಅಲ್ಲದ ಹಳೇ ಅಕ್ಷರಪಟ್ಟಿಯಲ್ಲಿ, ಕನ್ನಡಕ್ಕೆ ಜಾಗವಿಲ್ಲ. ಗ್ರೆಪ್ ಮುಂದೆ "ಕಾರಟಗಿ" ಎಂದು ಕೊಟ್ಟರೆ ಗ್ನೂವಿನ್32, ಬ್ಯುಸಿಬಾಕ್ಸ್ ಎರಡಕ್ಕೂ ತಲುಪುವುದು ಬರೀ ಪ್ರಶ್ನಾರ್ಥಕ ಚಿಹ್ನೆಗಳು. ಸಿಗ್‌ವಿನ್ ಸರಿಯಾಗಿ ಪರಿವರ್ತಿಸಿಕೊಳ್ಳುತ್ತದೆ. ಬ್ಯುಸಿಬಾಕ್ಸ್‌ಗೆ ದಾರಿಯೊಂದಿದೆ: ಹುಡುಕುವ ಪದಗಳನ್ನು ಫೈಲಿನಲ್ಲಿ ಬರೆದು ಮೈನಸ್-ಎಫ್ ಆಯ್ಕೆಯಿಂದ ಕೊಡುವುದು. ಅಲ್ಲೂ ಎಕ್ಸ್‌ಪಿಯ ನೋಟ್‌ಪ್ಯಾಡ್ ಫೈಲಿನ ಆರಂಭಕ್ಕೆ ಕಾಣದ ಮೂರು ಬೈಟ್ ಅಂಟಿಸುತ್ತದೆ, ಮೊದಲ ಪದ ಎಂದೂ ಸಿಗುವುದಿಲ್ಲ. ಮೊದಲ ಸಾಲಿಗೆ ಎಲ್ಲೂ ಇರದ ಒಂದು ಪದ ಬರೆದು ಬಿಟ್ಟರೆ ಆಯಿತು.

ನಾಲ್ಕನೆಯ ದಾರಿ, ಉಬುಂಟು ಲಿನಕ್ಸ್‌ನಲ್ಲಿ ಮಿಂಗ್‌ಡಬ್ಲ್ಯೂ (ವಿಂಡೋಸ್ ಪ್ರೋಗ್ರಾಂ ತಯಾರಿಸುವ ಕಂಪೈಲರ್) ಬಳಸಿ ನಾವೇ ಕಂಪೈಲ್ ಮಾಡುವುದು. ಒಂದು ಸಣ್ಣ ಸಿ ಟೂಲ್‌ಗೆ ಮಾತ್ರ ಮಾಡಿದೆ. ಲಿನಕ್ಸ್‌ನಲ್ಲಿ ವಿಂಡೋಸ್ ಪ್ರೋಗ್ರಾಂ ಓಡಿಸುವ ವೈನ್‌ನಲ್ಲಿ ಚೆನ್ನಾಗಿ ಓಡಿದ್ದು ಎಕ್ಸ್‌ಪಿಯಲ್ಲಿ ಏಳಲೇ ಇಲ್ಲ: ಕಂಪ್ಯೂಟರ್ ಶುರುವಾಗಿ ಎಷ್ಟು ಹೊತ್ತಾಯಿತೆಂದು ಹೇಳುವ ಗೆಟ್‌ಟಿಕ್‌ಕೌಂಟ್64, ವಿಂಡೋಸ್‌ನ ಕರ್ನೆಲ್32 ಡಿಎಲ್‌ಎಲ್‌ನಲ್ಲಿ ಸಿಗಲಿಲ್ಲವಂತೆ. ಅದು ವಿಸ್ತಾದಿಂದ ಬಂದ ಫಂಕ್ಷನ್, ವೈನ್‌ನಲ್ಲಿ ಅದು ಸದಾ ಇರುತ್ತದೆ. ಹಾಗಾಗಿ ಎಕ್ಸ್‌ಪಿ ಪರೀಕ್ಷೆಗೆ ವೈನ್ ನಂಬಬೇಡಿ, ಆಬ್ಜ್‌ಡಂಪ್ ಎಂಬ ಟೂಲ್‌ನಲ್ಲಿ ಇಂಪೋರ್ಟ್ ಪಟ್ಟಿ (ಪ್ರೋಗ್ರಾಂ ಹೊರಗಿನಿಂದ ಕೇಳುವ ಫಂಕ್ಷನ್‌ಗಳು) ನೋಡಿ, ಆಮೇಲೆ ನಿಜವಾದ ಎಕ್ಸ್‌ಪಿಯಲ್ಲೇ ಓಡಿಸಿ. ಬದಲಿಗೆ ಹಾಕಿದ ಹಳೇ ಗೆಟ್‌ಟಿಕ್‌ಕೌಂಟ್ 49.7 ದಿನಕ್ಕೆ ಸೊನ್ನೆಗೆ ಮರಳುತ್ತದೆ. ನಮ್ಮ ಕಡೆಯ ಕರೆಂಟು ಅಷ್ಟು ದಿನ ಕಂಪ್ಯೂಟರನ್ನು ಬಿಡದೆ ಓಡಿಸಿದರೆ ಆಗ ನೋಡೋಣ.

ಪೈಥಾನ್ ಆಗಬಾರದೇ ಅನ್ನುವವರಿಗೆ: ಎಕ್ಸ್‌ಪಿಗೆ 3.4 ಕೊನೆ, ಗೋ ಭಾಷೆಯಾದರೆ 1.10. ನನ್ನ ಕೆಲಸಕ್ಕೆ ಎರಡೂ ಅತಿಯಾಯಿತು.

ಈಗ ವೇಬ್ರಿಡ್ಜ್ ಕಂಪ್ಯೂಟರಿನಲ್ಲಿ ಬ್ಯುಸಿಬಾಕ್ಸ್ ಮತ್ತು ಒಂದು ಸ್ಕ್ರಿಪ್ಟ್ ಬಿಟ್ಟರೆ ನನ್ನದೇನೂ ಇಲ್ಲ. ಊರುವಾರು ಪಟ್ಟಿ ಬೇಕಾದಾಗ ಫೈಲನ್ನು ಆಫೀಸಿನ ಇನ್ನೊಂದು ಎಕ್ಸ್‌ಪಿಗೆ ಒಯ್ಯುತ್ತೇವೆ, ಸಿಗ್‌ವಿನ್ ಇರುವುದು ಅದರಲ್ಲಿ. ಗ್ನೂವಿನ್32 ಅನ್ನು ಎರಡರಿಂದಲೂ ತೆಗೆದೆ.