ಮೂಗಿಗೆ ಹಚ್ಚಿದ ಆಕ್ಸಿಜನ್ ನನ್ನ ಶ್ವಾಸಕೋಶಕ್ಕೆ ಹೋಗುವುದಿಲ್ಲ

ಕ್ಯಾನ್ಸರ್‌ನಿಂದಾಗಿ ಇಡೀ ಧ್ವನಿಪೆಟ್ಟಿಗೆಯನ್ನೇ ತೆಗೆಸಿಕೊಂಡವರು ಮತ್ತು ಅವರ ಮನೆಯವರು ಮುಖ್ಯವಾಗಿ ಓದಬೇಕೆಂದು ಇದನ್ನು ಬರೆಯುತ್ತಿದ್ದೇನೆ. ನಮ್ಮಂಥವರು ಮೂಗು ಬಾಯಿಗಳಿಂದ ಉಸಿರಾಡುವುದಿಲ್ಲ, ಕೊರಳಿನ ರಂಧ್ರದಿಂದ ಮಾತ್ರ ಉಸಿರಾಡುತ್ತೇವೆ ಎಂಬ ಸಂಗತಿ ಶಸ್ತ್ರಚಿಕಿತ್ಸೆ ಮಾಡಿದ ದೊಡ್ಡ ಆಸ್ಪತ್ರೆಯ ಆಯಾಗಳಿಗೂ ಗೊತ್ತಿರುತ್ತದೆ. ಆದರೆ ನಡುರಾತ್ರಿ ಉಸಿರು ಕಟ್ಟಿದಾಗ ಓಡಿಹೋಗುವ ಸಮೀಪದ ಆಸ್ಪತ್ರೆಯಲ್ಲಿ ಅದು ಗೊತ್ತಿದ್ದೇ ಇರುತ್ತದೆ ಎಂದು ನಂಬಿ ಕೂರುವಂತಿಲ್ಲ. ಬಾಗಲಕೋಟೆಯಲ್ಲಿ ನನಗಾದ ಅನುಭವವನ್ನು, ಆಸ್ಪತ್ರೆಯ ಹೆಸರೊಂದನ್ನು ಬಿಟ್ಟು, ಇದ್ದದ್ದು ಇದ್ದಂತೆ ಹೇಳುತ್ತೇನೆ. ಹೆಸರು ಬಿಡಲು ಕಾರಣವಿದೆ: ಆ ರಾತ್ರಿ ಅಲ್ಲಿ ನಡೆದದ್ದು ಬೇರೆ ಯಾವ ಆಸ್ಪತ್ರೆಯಲ್ಲಾದರೂ ನಡೆಯಬಹುದಿತ್ತು.

ನಾನು ಮಹಾಲಿಂಗಪುರದ ಬೆಲ್ಲದ ಪೇಟೆಯಲ್ಲಿ, ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದವನು. ಈಗ ನವನಗರದಲ್ಲಿ ಮಗನ ಮನೆಯಲ್ಲಿದ್ದೇನೆ. ಮೊದಲು ಕರೆಂಟ್ ಕೊಟ್ಟರು, ಅಂದರೆ ರೇಡಿಯೇಷನ್; ಗಡ್ಡೆ ಮತ್ತೆ ಕಾಣಿಸಿಕೊಂಡಾಗ ಧ್ವನಿಪೆಟ್ಟಿಗೆಯನ್ನು ಪೂರ್ತಿಯಾಗಿ ತೆಗೆದರು. ಹೀಗೆ ಪೂರ್ತಿ ತೆಗೆದ ಮೇಲೆ ಶ್ವಾಸನಾಳದ ಮೇಲ್ತುದಿಯನ್ನು ಮುಂದಕ್ಕೆ ತಿರುಗಿಸಿ ಕೊರಳಿನ ಚರ್ಮಕ್ಕೆ ಹೊಲಿಯುತ್ತಾರೆ. ಆ ರಂಧ್ರ ಆಮೇಲೆ ಮುಚ್ಚಿಕೊಳ್ಳುವ ಗಾಯವಲ್ಲ, ಅದೇ ಇನ್ನು ಮುಂದೆ ನಮ್ಮ ಮೂಗು. ಮೂಗು ಮತ್ತು ಬಾಯಿಯ ದಾರಿ ಅನ್ನನಾಳಕ್ಕೆ ಮಾತ್ರ ಹೋಗುತ್ತದೆ, ಶ್ವಾಸಕೋಶಕ್ಕೆ ಅಲ್ಲಿಂದ ದಾರಿಯೇ ಇರುವುದಿಲ್ಲ. ಆದ್ದರಿಂದ ಮುಖಕ್ಕೆ ಎಷ್ಟೇ ಆಕ್ಸಿಜನ್ ಹಚ್ಚಿದರೂ ಅದರ ಒಂದು ಗುಟುಕೂ ಒಳಗೆ ಸೇರದು.

ಕಬ್ಬು ನುರಿಸುವ ಹಂಗಾಮು ನಮ್ಮ ಭಾಗದಲ್ಲಿ ನನ್ನಂಥವರಿಗೆ ಕೆಟ್ಟ ಕಾಲ. ಹೊಲದಲ್ಲಿ ರವದಿ ಸುಟ್ಟ ಹೊಗೆ, ಗಾಣದ ಮನೆಗಳ ಹೊಗೆ, ಜೊತೆಗೆ ಒಣ ಚಳಿಗಾಳಿ. ಮೂಗಿನಿಂದ ಬರುವ ಗಾಳಿಯನ್ನು ಮೂಗೇ ಬೆಚ್ಚಗೆ ಮಾಡಿ, ತೇವಗೊಳಿಸಿ, ಸೋಸಿ ಕಳಿಸುತ್ತದೆ. ಕೊರಳಿನ ರಂಧ್ರಕ್ಕೆ ಆ ಶಕ್ತಿ ಇಲ್ಲ. ಒಣಗಾಳಿ ನೇರವಾಗಿ ಶ್ವಾಸನಾಳಕ್ಕೆ ಬಡಿದಾಗ ಕಫ ಗಟ್ಟಿಯಾಗಿ, ಪದರ ಕಟ್ಟಿ, ಕೊನೆಗೆ ಬಿರಡೆಯಾಗಿ ಕೂರುತ್ತದೆ. ಇದನ್ನು ತಡೆಯಲು ರಂಧ್ರದ ಮೇಲೆ ಹಚ್ಚುವ, ಉಸಿರಿನ ತೇವವನ್ನೇ ಹಿಡಿದಿಟ್ಟುಕೊಳ್ಳುವ ಪುಟ್ಟ ಫಿಲ್ಟರ್‌ಗಳು ಸಿಗುತ್ತವೆ. ಅವುಗಳನ್ನು ದಿನಕ್ಕೊಂದರಂತೆ ಬದಲಿಸಬೇಕಾದ್ದರಿಂದ ಎಲ್ಲರ ಕೈಗೂ ಎಟುಕುವುದಿಲ್ಲ, ಹೆಚ್ಚಿನವರು ತೆಳುವಾದ ಒದ್ದೆ ಬಟ್ಟೆಯಲ್ಲೇ ಸುಧಾರಿಸಿಕೊಳ್ಳುತ್ತಾರೆ.

ಆ ರಾತ್ರಿ ಇಂಥದೊಂದು ಬಿರಡೆ ಶ್ವಾಸನಾಳದಲ್ಲಿ ಸಿಕ್ಕಿಕೊಂಡಿತು. ಮನೆಯಲ್ಲಿ ಸಲೈನ್ ಹನಿ ಬಿಟ್ಟು ಕೆಮ್ಮಿದರೂ ಹೊರಬರಲಿಲ್ಲ. ಮಗ ಹತ್ತಿರದ ಖಾಸಗಿ ಆಸ್ಪತ್ರೆಗೆ ಕರೆದೊಯ್ದ. ಬೆರಳಿಗೆ ಸಿಕ್ಕಿಸುವ ಯಂತ್ರ ಆಕ್ಸಿಜನ್ ಪ್ರಮಾಣ ಇಳಿದಿದೆ ಎಂದು ತೋರಿಸುತ್ತಿದ್ದಂತೆ ಪಾಳಿಯಲ್ಲಿದ್ದ ಹುಡುಗ ಓಡಿ ಬಂದು ಮೂಗು ಬಾಯಿ ಮುಚ್ಚುವಂತೆ ಮಾಸ್ಕ್ ಕಟ್ಟಿದ. ಅಷ್ಟಕ್ಕೇ ನಿಂತಿದ್ದರೆ ಲಾಭವಿಲ್ಲದಿದ್ದರೂ ಹಾನಿಯಿರಲಿಲ್ಲ. ಕೆಮ್ಮಿನ ಜೊತೆ ಕೊರಳಿನಿಂದ ರಕ್ತ ಬೆರೆತ ಕಫ ಸಿಡಿಯುತ್ತಿದ್ದುದನ್ನು ಕಂಡ ಇನ್ನೊಬ್ಬರು ಅದನ್ನು ಗಾಯವೆಂದು ತಿಳಿದು, ಮಡಚಿದ ಗಾಜ್ ಬಟ್ಟೆಯನ್ನು ರಂಧ್ರದ ಮೇಲಿಟ್ಟು ಅಂಗೈಯಿಂದ ಒತ್ತಿ ಹಿಡಿದರು. ಅಂದರೆ ಉಸಿರಾಡಲು ಬಾರದ ಮೂಗಿಗೆ ಆಕ್ಸಿಜನ್, ಉಸಿರಾಡುವ ಕೊರಳಿಗೆ ಬಿಗಿ ಬಟ್ಟೆ!

ನಾನು ಮಾಸ್ಕ್ ಕಿತ್ತೆಸೆದೆ, ಗಾಜ್ ಬಟ್ಟೆಯನ್ನು ಎಳೆಯಲು ನೋಡಿದೆ. ಆಕ್ಸಿಜನ್ ಕಡಿಮೆಯಾದ ರೋಗಿ ಗಾಬರಿಯಿಂದ ಕೈಕಾಲು ಬಡಿಯುತ್ತಾನೆ ಎಂದು ಅವರಿಗೆ ಕಲಿಸಿರುತ್ತಾರೆ, ಹಾಗಾಗಿ ನನ್ನ ಎರಡೂ ಕೈಗಳನ್ನು ಮಂಚಕ್ಕೆ ಒತ್ತಿ ಹಿಡಿದರು. ನನ್ನ ಮಾತೆಲ್ಲ ನಡೆಯುವುದು ಕೈಬೆರಳಿನಿಂದ: ಹೆಬ್ಬೆರಳಿನಿಂದ ರಂಧ್ರ ಮುಚ್ಚಿದರೆ ಮಾತ್ರ ಗಾಳಿ ಒಳಗೆ ಮಾತಿಗೆಂದು ಕೂರಿಸಿರುವ ವಾಲ್ವ್ ಮೂಲಕ ಅನ್ನನಾಳಕ್ಕೆ ಹೋಗಿ ಧ್ವನಿಯಾಗುತ್ತದೆ. ಕೈ ಹಿಡಿದ ಮೇಲೆ ನನಗೆ ನಾಲಿಗೆಯೂ ಇಲ್ಲದಂತಾಯಿತು. ಬಾಯಿಯಿಂದ ಟ್ಯೂಬ್ ಹಾಕೋಣವೇ ಎಂದು ಯಾರೋ ಕೇಳುತ್ತಿದ್ದುದು ನನಗೆ ಕೇಳಿಸಿತು. ಆ ಟ್ಯೂಬ್ ಹಾಕಿದ್ದರೆ ಅದು ಹೋಗಿ ಮುಟ್ಟುತ್ತಿದ್ದುದು ಹೊಟ್ಟೆಯನ್ನು.

ಕಾಗದಗಳನ್ನು ತುಂಬಲು ಹೊರಗೆ ಕೂರಿಸಿದ್ದ ನನ್ನ ಹೆಂಡತಿ ಒಳಗೆ ನುಗ್ಗಿ ಬಂದದ್ದರಿಂದ ನಾನು ಇದನ್ನು ಬರೆಯುತ್ತಿದ್ದೇನೆ. "ಅಲ್ಲಲ್ರೀ, ಮೂಗಿಗಲ್ಲ, ಇಲ್ಲಿ ಹಚ್ರಿ, ಅವರು ಕೊಳ್ಳಾಗ ಉಸಿರಾಡ್ತಾರ" ಎಂದು ಕೂಗುತ್ತಲೇ ಆಕೆ ಗಾಜ್ ತೆಗೆದು, ಮಾಸ್ಕನ್ನು ಕೊರಳಿಗೆ ಹಿಡಿದಳು. ಅಷ್ಟರಲ್ಲಿ ಮೇಲಿನ ಮಹಡಿಯಿಂದ ಬಂದ ಅರಿವಳಿಕೆ ವೈದ್ಯರಿಗೆ ವಿಷಯ ಕ್ಷಣದಲ್ಲಿ ತಿಳಿಯಿತು. ಅವರು ರಂಧ್ರಕ್ಕೆ ಸಲೈನ್ ಬಿಟ್ಟು, ತೆಳುವಾದ ನಳಿಕೆಯಿಂದ ಕಫ ಎಳೆಸಿ (ಸಕ್ಷನ್ ಮಾಡಿ), ಇಕ್ಕಳದಿಂದ ಬಿರಡೆಯನ್ನು ತೆಗೆದರು. ಅದನ್ನು ಗಾಜ್ ಬಟ್ಟೆಯ ಮೇಲೆ ಇಟ್ಟು ತೋರಿಸಿದರು: ಕೊಪ್ಪರಿಗೆಯ ಅಂಚಿನಲ್ಲಿ ಒಣಗಿ ಹತ್ತಿದ ಬೆಲ್ಲದ ಪಾಕದಂತೆ ಕಂದು ಬಣ್ಣದ್ದು, ಶ್ವಾಸನಾಳದ ಬಾಗಿನ ಆಕಾರದಲ್ಲೇ ಅಚ್ಚಾಗಿತ್ತು.

ನನ್ನ ಕಡತವನ್ನು ಪಾಳಿಯಲ್ಲಿದ್ದವರು ನೋಡಿರಲಿಲ್ಲವೆಂದಲ್ಲ, ಮಗ ಬಂದ ಕೂಡಲೇ ಕೊಟ್ಟಿದ್ದ. ಅದರಲ್ಲಿ ಶಸ್ತ್ರಚಿಕಿತ್ಸೆಯ ವಿವರವೆಲ್ಲ ಟಿ.ಎಲ್. (ಧ್ವನಿಪೆಟ್ಟಿಗೆ ಪೂರ್ತಿ ತೆಗೆದದ್ದು), ಟಿ.ಇ.ಪಿ. (ಮಾತಿನ ವಾಲ್ವ್‌ಗೆ ಕಿಂಡಿ ಮಾಡಿದ್ದು) ಎಂಬ ಸಂಕ್ಷಿಪ್ತ ಅಕ್ಷರಗಳಲ್ಲಿತ್ತು. ಗಂಟಲು ವಿಭಾಗದವರಿಗೆ ಅದು ನೀರು ಕುಡಿದಷ್ಟು ಸುಲಭ, ಉಳಿದವರಿಗೆ ಒಗಟು. ಕೊರಳಲ್ಲಿ ತೂತು ಕಂಡೊಡನೆ, ಗಾಯವೆಂದು ತಿಳಿದವರೊಬ್ಬರನ್ನು ಬಿಟ್ಟು ಉಳಿದವರು ಅದನ್ನು ಟ್ರೇಕಿಯಾಸ್ಟಮಿ, ಅಂದರೆ ಉಸಿರಾಟಕ್ಕೆಂದು ಶ್ವಾಸನಾಳಕ್ಕೆ ಮಾಡುವ ರಂಧ್ರ, ಎಂದುಕೊಂಡರು. ಟ್ರೇಕಿಯಾಸ್ಟಮಿಯಲ್ಲಿ ಧ್ವನಿಪೆಟ್ಟಿಗೆ ಇದ್ದಲ್ಲೇ ಇರುತ್ತದೆ, ಎಷ್ಟೋ ಜನರಿಗೆ ಮೇಲಿನ ದಾರಿಯೂ ತೆರೆದಿರುತ್ತದೆ, ಬೇಡವಾದಾಗ ಆ ರಂಧ್ರವನ್ನು ಮುಚ್ಚಲೂಬಹುದು. ನಮ್ಮದು ಹಾಗಲ್ಲ. ಇವೆರಡನ್ನೂ ಹೊರಗಿನಿಂದ ನೋಡಿ ಬೇರೆ ಮಾಡುವುದು ಕಷ್ಟವೆಂದೇ ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ರೋಗಿಯ ತಲೆದೆಸೆಗೆ ಟ್ರೇಕಿಯಾಸ್ಟಮಿಯಾದರೆ ಹಸಿರು ಫಲಕ, ಧ್ವನಿಪೆಟ್ಟಿಗೆ ತೆಗೆದವರಾದರೆ ಕೆಂಪು ಫಲಕ ಹಾಕುವ ಪದ್ಧತಿ ಇದೆ. ಯಾವುದೆಂದು ತಿಳಿಯದಿದ್ದರೆ ಮುಖಕ್ಕೂ ಕೊರಳಿಗೂ ಎರಡೂ ಕಡೆ ಆಕ್ಸಿಜನ್ ಕೊಡಬೇಕೆಂಬುದು ಅಲ್ಲಿಯ ನಿಯಮ. ಒಂದು ಮಾಸ್ಕ್ ಹೆಚ್ಚು, ಅಷ್ಟೇ ಖರ್ಚು. ಕ್ಯಾನ್ಸರ್‌ಗಾಗಿ ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆಯುವ ಶಸ್ತ್ರಚಿಕಿತ್ಸೆಯನ್ನು ವಿಯೆನ್ನಾದಲ್ಲಿ ಬಿಲ್‌ರೋತ್ ಎಂಬ ವೈದ್ಯರು 1873ರಲ್ಲೇ ಮಾಡಿದ್ದರು. ಹಾಗಿರುವಾಗ ಇದು ಅಪರೂಪದ ಹೊಸ ವಿಷಯ, ಆದ್ದರಿಂದ ಗೊತ್ತಿರಲಿಲ್ಲ ಎಂಬ ಸಮಜಾಯಿಷಿಯನ್ನು ನಾನು ಒಪ್ಪಲಾರೆ.

ಧ್ವನಿಯ ವಿಚಾರಕ್ಕೆ ಬಂದರೆ, ನಮಗೆ ಇರುವ ದಾರಿ ಮೂರು: ಗದ್ದದ ಕೆಳಗೆ ಒತ್ತಿ ಹಿಡಿಯುವ ಕಂಪನದ ಮಷಿನ್, ಗಾಳಿಯನ್ನು ಅನ್ನನಾಳಕ್ಕೆ ನುಂಗಿ ಹೊರಬಿಟ್ಟು ಮಾತಾಡುವ ಅಭ್ಯಾಸ, ಮತ್ತು ಶ್ವಾಸನಾಳಕ್ಕೂ ಅನ್ನನಾಳಕ್ಕೂ ನಡುವಿನ ಗೋಡೆಯಲ್ಲಿ ಕೂರಿಸುವ ವಾಲ್ವ್. ಬೆಂಗಳೂರಿನ ವೈದ್ಯ ವಿಶಾಲ್ ರಾವ್ ಅವರು ಕಡಿಮೆ ಬೆಲೆಯ 'ಓಂ' ವಾಲ್ವ್ ರೂಪಿಸಿದ ಮೇಲೆ ಅದು ಬಡವರ ಕೈಗೂ ಎಟುಕುವಂತಾಯಿತು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಮಾತಿನ ತರಬೇತಿಯೂ ಸಿಗುತ್ತದೆ. ಆದರೆ ಉಸಿರು ಕಟ್ಟಿದ ಗಳಿಗೆಯಲ್ಲಿ ಈ ಮೂರರಲ್ಲಿ ಒಂದೂ ಕೆಲಸಕ್ಕೆ ಬರುವುದಿಲ್ಲ ಎಂಬುದನ್ನು ಮನೆಯವರು ಖಂಡಿತವಾಗಿ ತಿಳಿದಿರಬೇಕು. ಮಾತಿಗೆ ಬೇಕಾದ್ದೇ ಉಸಿರು, ಇಲ್ಲದಿರುವುದೂ ಅದೇ. ಮಷಿನ್ ಹಿಡಿಯಲು ಕೈ ನಡುಗುತ್ತದೆ. ಅದಕ್ಕೇ ನನ್ನ ಮೊಬೈಲಿನಲ್ಲಿ ಮಗನ ಧ್ವನಿಯಲ್ಲಿ ಒಂದು ಸಂದೇಶ ಮುದ್ರಿಸಿ ಇಟ್ಟಿದ್ದೇವೆ. ಒಬ್ಬನೇ ಇರುವಾಗ 108ಕ್ಕೆ ಕರೆ ಮಾಡಬೇಕಾದರೆ ಇನ್ನೊಂದು ಫೋನಿನಿಂದ ಕರೆ ಮಾಡಿ, ಮೊಬೈಲಿನಲ್ಲಿರುವ ಅದನ್ನು ಕೇಳಿಸಬಹುದು.

ವಾಲ್ವ್ ಇದ್ದವರು ಇನ್ನೂ ಒಂದು ಮಾತನ್ನು ಗಮನಿಸಬೇಕು. ತುರ್ತು ಚಿಕಿತ್ಸೆಯಲ್ಲಿ ಅದನ್ನು ಕಫವೆಂದೋ ಹೊರಗಿನ ವಸ್ತುವೆಂದೋ ತಿಳಿದು ಎಳೆಯುವ ಅಪಾಯವಿದೆ. ನನ್ನದಕ್ಕೂ ಇಕ್ಕಳ ತಾಗಿತ್ತು. ಅದು ಕಳಚಿ ಬಿದ್ದರೆ ಅದು ಕೂತಿದ್ದ ಕಿಂಡಿ ಕೆಲವೇ ಗಂಟೆಗಳಲ್ಲಿ ಕಿರಿದಾಗತೊಡಗುತ್ತದೆ, ಆದ್ದರಿಂದ ವೈದ್ಯರು ಕೊಟ್ಟಿರುವ ರಬ್ಬರ್ ನಳಿಕೆಯನ್ನು ಅದರಲ್ಲಿ ತೂರಿಸಿಟ್ಟು ಆಸ್ಪತ್ರೆಗೆ ಹೋಗಬೇಕು. ಬಿದ್ದ ವಾಲ್ವ್ ಕೈಗೆ ಸಿಗದಿದ್ದರೆ ಅದು ಶ್ವಾಸಕೋಶಕ್ಕೆ ಇಳಿದಿರಬಹುದು ಎಂದೇ ತಿಳಿದು ಎಕ್ಸ್‌ರೇ ಮಾಡಿಸಬೇಕು. ನೀರು, ಮಜ್ಜಿಗೆ ಕುಡಿದಾಗಲೆಲ್ಲ ಕೆಮ್ಮು ಬಂದರೆ ವಾಲ್ವ್ ಸೋರುತ್ತಿದೆ ಎಂದರ್ಥ, ಅದಕ್ಕೆ ಕೆಮ್ಮಿನ ಔಷಧಿ ಕುಡಿಯುತ್ತ ಕೂರಬಾರದು.

ಮನೆಯ ಹೊರಗಿನ ಅಪಾಯಗಳಲ್ಲಿ ಕೆಲವು ನಮ್ಮ ಸೀಮೆಗೇ ವಿಶೇಷವಾದವು. ಬಾಗಲಕೋಟೆಯ ಹೋಳಿಯಲ್ಲಿ ಬ್ಯಾರಲ್‌ಗಟ್ಟಲೆ ಬಣ್ಣದ ನೀರನ್ನು ಬಂಡಿ, ಟ್ರ್ಯಾಕ್ಟರುಗಳ ಮೇಲಿಟ್ಟುಕೊಂಡು ಎರಚುತ್ತಾರೆ. ಆ ದಿನಗಳಲ್ಲಿ ನಾನು ಬೀದಿಗೆ ಇಳಿಯುವುದಿಲ್ಲ, ಏಕೆಂದರೆ ಒಂದು ಬೊಗಸೆ ನೀರು ಕೊರಳಿಗೆ ಬಿದ್ದರೂ ಅದು ನೇರವಾಗಿ ಶ್ವಾಸಕೋಶಕ್ಕೇ ಹೋಗುತ್ತದೆ. ಚಿಂಚಲಿ ಮಾಯಕ್ಕನ ಜಾತ್ರೆಯಲ್ಲಿ ತೂರುವ ಭಂಡಾರದ ಪುಡಿಯದೂ ಇದೇ ಕಥೆ. ದೇವಿಗೆ ಮನೆಯಿಂದಲೇ ಕೈಮುಗಿದರೆ ಸಾಕು. ಹೊಳೆ, ಬಾವಿ, ಹಿನ್ನೀರಿನಲ್ಲಿ ಈಜುವುದಂತೂ ಮುಗಿದ ಮಾತು. ಕ್ಷೌರಕ್ಕೆ ಕುಳಿತಾಗ ಪೌಡರ್ ಬೇಡವೆಂದು ಮೊದಲೇ ಸನ್ನೆ ಮಾಡಬೇಕು. ಚಳಿ ಎಂದು ಪ್ರೀತಿಯಿಂದ ಕೊರಳಿಗೆ ಮಫ್ಲರ್ ಸುತ್ತಲು ಬರುವ ಬೀಗರು ಇವೆಲ್ಲಕ್ಕಿಂತ ಕಷ್ಟ.

ಧ್ವನಿಪೆಟ್ಟಿಗೆ ಉಳಿದು, ಬರೀ ಕರೆಂಟ್ ಕೊಡಿಸಿಕೊಂಡವರೂ ಮೈಮರೆಯುವಂತಿಲ್ಲ. ವಿಜಯಪುರದ ಪರಿಚಯದವರೊಬ್ಬರಿಗೆ ಚಿಕಿತ್ಸೆ ಮುಗಿದ ಎಷ್ಟೋ ತಿಂಗಳ ಮೇಲೆ ಉಸಿರು ಎಳೆದುಕೊಳ್ಳುವಾಗ ಸೀಟಿಯಂಥ ಸದ್ದು ಶುರುವಾಯಿತು. ಅದನ್ನು ದಮ್ಮು ಎಂದುಕೊಂಡು ಇನ್‌ಹೇಲರ್ ಕೊಡುತ್ತ ಹೋದರು. ದಮ್ಮಿನ ಸದ್ದು ಸಾಮಾನ್ಯವಾಗಿ ಉಸಿರು ಬಿಡುವಾಗ ಹೆಚ್ಚು, ಇವರದು ಒಳಗೆ ಎಳೆಯುವಾಗ. ರೇಡಿಯೇಷನ್‌ನಿಂದ ಧ್ವನಿಪೆಟ್ಟಿಗೆ ಊದಿ ದಾರಿ ಕಿರಿದಾಗಿತ್ತು. ಕೊನೆಗೆ ತುರ್ತಾಗಿ ಕೊರಳಲ್ಲಿ ರಂಧ್ರ ಮಾಡಬೇಕಾಯಿತು. ಇಂಥ ಸದ್ದು ಕೇಳಿದ ದಿನವೇ ಗಂಟಲಿನ ಒಳಗನ್ನು ದುರ್ಬೀನಿನಿಂದ ನೋಡುವ ವೈದ್ಯರ ಬಳಿಗೆ ಹೋಗಬೇಕು. ಅದು ಊತವೂ ಆಗಿರಬಹುದು, ಗಡ್ಡೆ ಮರಳಿದ್ದೂ ಆಗಿರಬಹುದು.

ಆ ಆಸ್ಪತ್ರೆಗೆ ನಾನು ಬರವಣಿಗೆಯಲ್ಲಿ ದೂರು ಕೊಟ್ಟೆ. ರೋಗಿಯು ಸಹಕರಿಸಲಿಲ್ಲ ಎಂಬ ಉತ್ತರ ಬಂದಿತು. ಅದರ ಬಗ್ಗೆ ಮುಂದೆ ಜಗಳಕ್ಕೆ ಹೋಗಲಿಲ್ಲ, ಬದಲಿಗೆ ಅರಿವಳಿಕೆ ವೈದ್ಯರನ್ನೇ ಕೇಳಿ ಒಂದು ಚೀಟಿ ಸಿದ್ಧಮಾಡಿಸಿಕೊಂಡೆ. ಅದರ ಪ್ರತಿ ಕಿಸೆಯಲ್ಲಿದೆ, ಗಾಡಿಯಲ್ಲಿದೆ, ಮನೆಯ ಬಾಗಿಲ ಹಿಂದೆ ಅಂಟಿಸಿದೆ. ಪಕ್ಕದ ಮನೆಯವರಿಗೂ ಒಂದು ಕೊಟ್ಟಿದ್ದೇವೆ. ಬೇಕಾದವರು ಇದನ್ನೇ ದೊಡ್ಡ ಅಕ್ಷರಗಳಲ್ಲಿ ಬರೆದುಕೊಳ್ಳಬಹುದು, ನಿಮ್ಮ ವೈದ್ಯರ ಸಹಿ ಹಾಕಿಸಿದರೆ ಇನ್ನೂ ಒಳ್ಳೆಯದು:

"ನನ್ನ ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆಯಲಾಗಿದೆ. ನಾನು ಕೊರಳಿನ ರಂಧ್ರದಿಂದ ಮಾತ್ರ ಉಸಿರಾಡುತ್ತೇನೆ. ರಂಧ್ರವನ್ನು ಮುಚ್ಚಬೇಡಿ. ಆಕ್ಸಿಜನ್ ಕೊರಳಿಗೇ ಕೊಡಿ, ಮಕ್ಕಳ ಅಳತೆಯ ಮಾಸ್ಕ್ ಸರಿಹೊಂದುತ್ತದೆ. ಬಾಯಿಯಿಂದ ಟ್ಯೂಬ್ ಹಾಕಿದರೆ ಶ್ವಾಸನಾಳಕ್ಕೆ ಹೋಗುವುದಿಲ್ಲ, ಕೊರಳಿನ ರಂಧ್ರದಿಂದಲೇ ಹಾಕಿ. ಮೊದಲು ಕಫದ ಬಿರಡೆ ಇದೆಯೇ ನೋಡಿ, ಎಳೆಸಿ. ಒಳಗಿರುವ ಮಾತಿನ ವಾಲ್ವನ್ನು ಕೀಳಬೇಡಿ. ನನಗೆ ಕಿವಿ ಕೇಳುತ್ತದೆ. ನನ್ನ ಕೈಗಳನ್ನು ಹಿಡಿಯಬೇಡಿ, ಪೆನ್ನು ಕೊಡಿ."