ತಾಜಾ ಮಾಂಸವೋ, ಫ್ರೋಜನ್ ಮಾಂಸವೋ? ಎರಡನ್ನೂ ಬಳಸಿ ಕಂಡದ್ದು

ಫ್ರೋಜನ್ ಅಂದರೆ ಹಳೇ ಮಾಲು, ತಾಜಾ ಅಂದರೆ ಭಯವಿಲ್ಲ ಎಂದು ನಂಬಿದವರು ಜಾಸ್ತಿ. ಫ್ರೀಜರಿನ ಚಳಿಗೆ ಬ್ಯಾಕ್ಟೀರಿಯಾ ಎಲ್ಲ ಸತ್ತಿರುತ್ತವೆ ಅನ್ನುವವರೂ ಇದ್ದಾರೆ. ಕೋಳಿ ಮತ್ತು ಕೀಮಾವನ್ನು ಎರಡೂ ಬಗೆಯಲ್ಲಿ ತಂದು, ಕೈಯಲ್ಲಿ ಥರ್ಮಾಮೀಟರ್ ಹಿಡಿದು ಬಳಸಿ ನೋಡಿದೆ. ಅಪಾಯ ಎಷ್ಟು ಅನ್ನುವುದು ಮಾಂಸ ಎಷ್ಟು ಹೊತ್ತು ಬೆಚ್ಚಗಿತ್ತು ಅನ್ನುವುದರ ಮೇಲೆ ನಿಂತಿದೆ.

ಮೊದಲು ತಾಜಾ ಮಾಂಸ. ರುಚಿಯಲ್ಲಿ, ಮೆದುವಿನಲ್ಲಿ ಇದೇ ಮುಂದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಇದಕ್ಕೆ ಕಾಯುವ ತಾಳ್ಮೆ ಇಲ್ಲ. 4 ಡಿಗ್ರಿ ಸೆಲ್ಸಿಯಸ್‌ನಿಂದ 60 ಡಿಗ್ರಿವರೆಗೆ ಬ್ಯಾಕ್ಟೀರಿಯಾ ಬೇಗ ಹೆಚ್ಚುತ್ತವೆ. ಹಾಗಾಗಿ ಹೊರಗೆ 2 ಗಂಟೆಗಿಂತ ಹೆಚ್ಚು ಇಡಬಾರದು. ಸೆಕೆ 32 ಡಿಗ್ರಿ ದಾಟಿದ್ದರೆ 1 ಗಂಟೆಯೇ ಮಿತಿ. ಅಂಗಡಿಯಿಂದ ಮನೆಗೆ ಬರುವ ಹೊತ್ತೂ ಇದೇ ಲೆಕ್ಕಕ್ಕೆ ಸೇರುತ್ತದೆ. ಫ್ರಿಜ್‌ನಲ್ಲಿ ಇಟ್ಟರೂ ಹಸಿ ಕೋಳಿ, ಕೀಮಾ 1-2 ದಿನದ ಮಾತು. ನನ್ನ ಫ್ರಿಜ್‌ನ ಬಾಗಿಲ ಬಳಿ ಹಿಂಭಾಗಕ್ಕಿಂತ ಬಿಸಿ ಜಾಸ್ತಿ. ಥರ್ಮಾಮೀಟರ್ ಇಟ್ಟು ನೋಡಿದ ಮೇಲೆ ಮಾಂಸದ ಡಬ್ಬ ಹಿಂದಕ್ಕೆ ಹೋಯಿತು, ಅದೂ ಕೆಳಗಿನ ತಟ್ಟೆಗೆ. ಸೋರಿದ ನೀರು ತರಕಾರಿ ಮೇಲೆ ಬೀಳಬಾರದಲ್ವಾ?

ಮೂಸಿ ನೋಡುವುದನ್ನು ನಂಬಿ ಕೂರಬೇಡಿ. ವಾಸನೆ ಹುಟ್ಟಿಸುವ ಬ್ಯಾಕ್ಟೀರಿಯಾ ಬೇರೆ, ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ, ಕ್ಯಾಂಪಿಲೋಬ್ಯಾಕ್ಟರ್ ಬೇರೆ. ನಾತ ಬಂದರೆ ಎಸೆಯಿರಿ ಸರಿ. ನಾತ ಬರಲಿಲ್ಲ ಅಂದ ಮಾತ್ರಕ್ಕೆ ಮಾಂಸ ಶುದ್ಧ ಅಂತಲ್ಲ.

ಇನ್ನು ಫ್ರೋಜನ್. ಮೈನಸ್ 18 ಡಿಗ್ರಿಯಲ್ಲಿ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ. ಆದರೆ ಸಾಯುವುದೂ ಇಲ್ಲ, ಬಹುಪಾಲು ಸುಮ್ನೆ ಬಿದ್ದಿರುತ್ತವೆ. ಕ್ಯಾಂಪಿಲೋಬ್ಯಾಕ್ಟರ್‌ಗೆ ಮಾತ್ರ ಚಳಿ ಅಷ್ಟಾಗಿ ಆಗಿಬರುವುದಿಲ್ಲ, ಅದರ ಸಂಖ್ಯೆ ಇಳಿಯುತ್ತದೆ, ಪೂರ್ತಿ ಹೋಗುವುದಿಲ್ಲ. ಪ್ಯಾಕೆಟ್ ಬೆಚ್ಚಗಾದ ಕೂಡಲೇ ಉಳಿದವು ಮತ್ತೆ ಶುರು. ಮಂಜಿನ ಹರಳುಗಳು ಮಾಂಸದ ಕೋಶಗಳನ್ನು ಒಡೆದಿರುವುದರಿಂದ ಐಸ್ ಬಿಡುವಾಗ ಕೆಂಪು ನೀರೂ ಜಾಸ್ತಿ ಸೋರುತ್ತದೆ. ಕೈ, ಸಿಂಕ್, ಚಾಕು ಎಲ್ಲಕ್ಕೂ ಸೋಂಕು ದಾಟಿಸುವುದು ಇದೇ ನೀರು. ಫ್ರೋಜನ್‌ನ ನಿಜವಾದ ಪರೀಕ್ಷೆ ಇರುವುದು ಐಸ್ ಬಿಡಿಸುವ ಹೊತ್ತಿನಲ್ಲಿ. ನಾನು ಜಾಸ್ತಿ ತಲೆ ಕೆಡಿಸಿಕೊಂಡದ್ದೂ ಅಲ್ಲೇ.

ಅಡುಗೆ ಕಟ್ಟೆಯ ಮೇಲೆ ಬಿಟ್ಟು ನೋಡಿದಾಗ, ಕೋಳಿಯ ಹೊರಮೈ ಕೋಣೆಯಷ್ಟೇ ಬೆಚ್ಚಗಾಗಿತ್ತು, ಒಳಗೆ ಕಡ್ಡಿ ಚುಚ್ಚಿದರೆ ಇನ್ನೂ ಕಲ್ಲು. ಒಳಗಿನ ಐಸ್ ಬಿಡಲಿ ಎಂದು ಕಾದಷ್ಟೂ ಹೊರಗೆ ಬ್ಯಾಕ್ಟೀರಿಯಾಗೆ ಹಬ್ಬ. ಈ ದಾರಿಗೆ ನನ್ನಿಂದ ಸೊನ್ನೆ ಅಂಕ.

ಫ್ರಿಜ್‌ನಲ್ಲಿ ಐಸ್ ಬಿಡಿಸುವುದು ನಿಧಾನ. 2 ಕಿಲೋ ತೂಕದ ಇಡೀ ಕೋಳಿಗೆ ಹೆಚ್ಚು ಕಡಿಮೆ ಒಂದು ದಿನ ಬೇಕು. ಆದರೆ ಹೊರಮೈ 4 ಡಿಗ್ರಿ ದಾಟುವುದಿಲ್ಲ. ಸಂಜೆ ಮನಸ್ಸು ಬದಲಾದರೆ ಬೇಯಿಸದೆಯೇ ಮತ್ತೆ ಫ್ರೀಜರಿಗೆ ಹಾಕಬಹುದು, ರುಚಿ ಸ್ವಲ್ಪ ಇಳಿದೀತು ಅಷ್ಟೇ. ನನ್ನ ಓಟು ಇದಕ್ಕೇ.

ಅವಸರಕ್ಕೆ ತಣ್ಣೀರು. ನೀರು ಒಳಗೆ ಹೋಗದ ಚೀಲದಲ್ಲಿ ಕಟ್ಟಿ ಮುಳುಗಿಸಿ, ಅರ್ಧ ಗಂಟೆಗೊಮ್ಮೆ ನೀರು ಬದಲಿಸಬೇಕು. ಅರ್ಧ ಕಿಲೋ ಪ್ಯಾಕೆಟ್ ಸುಮಾರು 1 ಗಂಟೆಯಲ್ಲಿ ತಯಾರು. ಬೇಸಿಗೆಯಲ್ಲಿ ನಲ್ಲಿ ನೀರೇ ಉಗುರುಬೆಚ್ಚಗೆ ಬಂದರೆ ಐಸ್ ಗಡ್ಡೆ ಸೇರಿಸಿ. ಮೈಕ್ರೋವೇವ್ ಇನ್ನೂ ಬೇಗ, ಆದರೆ ಅಂಚು ಬೆಂದಿರುತ್ತದೆ, ನಡುವೆ ಐಸ್ ಇರುತ್ತದೆ. ಈ ಎರಡು ದಾರಿ ಹಿಡಿದರೆ ಕೂಡಲೇ ಬೇಯಿಸಬೇಕು, ಮತ್ತೆ ಫ್ರೀಜರಿಗೆ ಹಾಕುವುದಿದ್ದರೆ ಬೇಯಿಸಿದ ಮೇಲೆಯೇ.

ಒಲೆಯ ಮುಂದೆ ಇಬ್ಬರೂ ಸಮ. ಕೋಳಿ ಒಳಗೆ 74 ಡಿಗ್ರಿ ಮುಟ್ಟಬೇಕು, ದನ, ಕುರಿ, ಹಂದಿಯ ಕೀಮಾ 71. ಇಡೀ ತುಂಡಿನ ಹೊರಗಿದ್ದ ಬ್ಯಾಕ್ಟೀರಿಯಾ ಅರೆಯುವಾಗ ಒಳಗೆಲ್ಲ ಬೆರೆಯುತ್ತವೆ, ಅದಕ್ಕೇ ಕೀಮಾ ಅರೆಬೆಂದರೆ ಸಾಲದು. ಬಣ್ಣ ನೋಡಿ ಹೇಳಲು ಆಗದು. ಹಸಿ ಕೋಳಿಯನ್ನು ತೊಳೆಯುವ ಅಭ್ಯಾಸ ನಾನು ಬಿಟ್ಟಿದ್ದೇನೆ. ತೊಳೆದರೆ ಹನಿಗಳು ಸಿಂಕ್ ಸುತ್ತ ಸಿಡಿಯುತ್ತವೆ, ಬ್ಯಾಕ್ಟೀರಿಯಾ ಕೊಲ್ಲುವುದು ಬೆಂಕಿಯೇ.

ಫ್ರೋಜನ್ ಕಡೆ ಒಂದು ಹುಷಾರು. ಬ್ರೆಡ್ ಪುಡಿ ಹಚ್ಚಿದ ಕೆಲವು ಚಿಕನ್ ಪ್ಯಾಕೆಟ್‌ಗಳು ಕರಿದಂತೆ ಕಾಣುತ್ತವೆ, ಒಳಗೆ ಹಸಿಯೇ ಇರುತ್ತವೆ. ಬರೀ ಬಿಸಿ ಮಾಡಿ ತಿನ್ನುವವರು ಇಲ್ಲೇ ಎಡವುತ್ತಾರೆ, ಲೇಬಲ್ ಓದಿ.

ಈಗ ನನ್ನ ಲೆಕ್ಕ ಹೀಗಿದೆ. ಅಂದೇ ಅಡುಗೆ ಇದ್ದರೆ ತಾಜಾ. ಯಾವಾಗ ಬೇಯಿಸುತ್ತೇನೋ ಗೊತ್ತಿಲ್ಲದಿದ್ದರೆ ಫ್ರೋಜನ್. ಐಸ್ ಬಿಡಿಸಲು ಮರೆತ ದಿನ ಗಟ್ಟಿ ತುಂಡುಗಳೇ ನೇರ ಒಲೆಗೆ. ಒಂದೂವರೆ ಪಟ್ಟು ಹೊತ್ತು ಹಿಡಿಯುತ್ತದೆ, ಬೇರೇನೂ ತೊಂದರೆ ಇಲ್ಲ.