ಡೈರೆಕ್‌ಟಿವಿ, ಡಿಶ್, ಕೇಬಲ್, ಆಂಟೆನಾ: ಕಾಲೇಜ್ ಫುಟ್‌ಬಾಲ್‌ಗೆ ಯಾವುದು ವಾಸಿ?

ನಮ್ಮ ಮನೆಯಲ್ಲಿ ಅಮೆರಿಕನ್ ಕಾಲೇಜ್ ಫುಟ್‌ಬಾಲ್ ಹುಚ್ಚು ಇರುವುದು ಹೆಂಡತಿಗೆ. ಅವಳು ಸ್ಟ್ಯಾನ್‌ಫರ್ಡ್‌ನಲ್ಲಿ ಎಂಎಸ್ ಮಾಡಿದವಳು. ನಾನು ಹಾಸನದವನು, ಕ್ರಿಕೆಟ್ ಬಿಟ್ಟರೆ ಕಬಡ್ಡಿ. ಆದರೆ ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನ ಮನೆಗೆ ಯಾವ ಟಿವಿ ಕನೆಕ್ಷನ್ ಹಾಕಿಸಬೇಕು ಅನ್ನುವ ತಲೆನೋವು ಮಾತ್ರ ನನ್ನದು. ಹದಿಮೂರು ವರ್ಷದಲ್ಲಿ ಕೇಬಲ್, ಎರಡೂ ಡಿಶ್ (ಅಂದರೆ ಮನೆ ಮೇಲೆ ಛತ್ರಿ ಹಾಕುವ ಡೈರೆಕ್‌ಟಿವಿ ಮತ್ತು ಡಿಶ್ ನೆಟ್‌ವರ್ಕ್ ಕಂಪನಿಗಳು), ಇಂಟರ್ನೆಟ್ ಟಿವಿ, ಆಂಟೆನಾ ಎಲ್ಲವನ್ನೂ ನೋಡಿಯಾಯಿತು.

ಶುರುವಾಗಿದ್ದು 2012ರಲ್ಲಿ. ಪ್ಯಾಕ್-12 ಅಂದರೆ ಆಗ ಸ್ಟ್ಯಾನ್‌ಫರ್ಡ್, ಬರ್ಕ್ಲಿ, ಯುಸಿಎಲ್‌ಎ ಥರದ ಪಶ್ಚಿಮದ ಹನ್ನೆರಡು ಯೂನಿವರ್ಸಿಟಿಗಳ ಕೂಟ. ಅವರು ಆಗಸ್ಟ್ 15ಕ್ಕೆ ತಮ್ಮದೇ ಟಿವಿ ಚಾನೆಲ್ ಶುರು ಮಾಡಿದರು. ಇಡೀ ದೇಶಕ್ಕೆ ಒಂದು, ಊರು ಸೀಮೆಗೆ ತಕ್ಕಂತೆ ಆರು, ಒಟ್ಟು ಏಳು. ಕಾಮ್‌ಕಾಸ್ಟ್, ಟೈಮ್ ವಾರ್ನರ್ ಥರದ ಕೇಬಲ್‌ನವರು ಮೊದಲೇ ಒಪ್ಪಂದ ಮಾಡಿಕೊಂಡಿದ್ದರು. ಡಿಶ್‌ನವರು ಮಾಡಿಕೊಂಡಿರಲಿಲ್ಲ.

ಆಗಸ್ಟ್ 31, ಶುಕ್ರವಾರ ಸಂಜೆ. ಸ್ಟ್ಯಾನ್‌ಫರ್ಡ್‌ಗೆ ಪಕ್ಕದೂರಿನ ಸ್ಯಾನ್ ಹೋಸೆ ಸ್ಟೇಟ್ ಜೊತೆ ಸೀಸನ್ನಿನ ಮೊದಲ ಮ್ಯಾಚು. ಬರುತ್ತಿದ್ದದ್ದು ಆ ಹೊಸ ಚಾನೆಲ್‌ನಲ್ಲಿ. ಅವತ್ತು ಎರಡು ಡಿಶ್ ಕಂಪನಿಗಳಲ್ಲೂ ಅದು ಇರಲಿಲ್ಲ, ನಮ್ಮ ಮನೆ ಮೇಲಿದ್ದದ್ದು ಅವೆರಡರಲ್ಲಿ ಒಂದು. ಚಕ್ಕುಲಿ ಡಬ್ಬಿ ಹಿಡಿದುಕೊಂಡು ಕೇಬಲ್ ಇದ್ದ ಗೆಳೆಯನ ಮನೆಗೆ ಹೋದೆವು. 20-17ಕ್ಕೆ ಗೆದ್ದರು. ವಾಪಸ್ ಬರುವಾಗ ಹೊಳೆಯಿತು, ಸ್ಟೇಡಿಯಂ ನಮ್ಮ ಮನೆಯಿಂದ ಕಾರಲ್ಲಿ ಇಪ್ಪತ್ತು ನಿಮಿಷ ಅಷ್ಟೇ. ಟಿಕೆಟ್ ತಗೊಂಡು ಹೋಗಬಹುದಿತ್ತು, ಅಲ್ವಾ?

ಸೆಪ್ಟೆಂಬರ್‌ನಲ್ಲಿ ಡಿಶ್ ನೆಟ್‌ವರ್ಕ್ ಒಪ್ಪಿಕೊಂಡಿತು. ಡೈರೆಕ್‌ಟಿವಿ ಒಪ್ಪಲಿಲ್ಲ. ಆಗಲೂ ಇಲ್ಲ, ಆಮೇಲೂ ಇಲ್ಲ.

ಜಗಳ ಏನು ಅಂದರೆ, ಮದುವೆ ಊಟ ನೆನೆಸಿಕೊಳ್ಳಿ. ಉಪ್ಪಿನಕಾಯಿ ಬೇಕೋ ಬೇಡವೋ, ಎಲ್ಲರ ಎಲೆಗೂ ಬಡಿಸಿ, ಎಲೆಗೆ ಇಷ್ಟು ಅಂತ ದುಡ್ಡು ಕೊಡಿ ಅಂತ ಪ್ಯಾಕ್-12. ಕೇಳಿದವರಿಗೆ ಮಾತ್ರ ಬಡಿಸುತ್ತೇವೆ, ತಿಂದವರು ದುಡ್ಡು ಕೊಡಲಿ ಅಂತ ಡೈರೆಕ್‌ಟಿವಿ. ನಿಜ ಹೇಳಬೇಕಂದರೆ ಡೈರೆಕ್‌ಟಿವಿ ಮಾತಲ್ಲೂ ನ್ಯಾಯ ಇತ್ತು. ನಮ್ಮ ಬೀದಿಯಲ್ಲಿ ಆ ಚಾನೆಲ್‌ನ ವಾಟರ್ ಪೋಲೊ ನೋಡುವವರು ಎಷ್ಟು ಜನ? ಆದರೆ ನಮ್ಮ ಮನೆಯಲ್ಲಿ ಆ ಮಾತು ಆಡುವ ಹಾಗಿರಲಿಲ್ಲ.

ಬಳಸಿ ನೋಡಿದ ಅನುಭವಕ್ಕೆ ಬಂದರೆ, ಡೈರೆಕ್‌ಟಿವಿ ಚಿತ್ರ ನನಗೆ ಜಾಸ್ತಿ ಇಷ್ಟ ಆಯಿತು. ಭಾನುವಾರದ ಎನ್‌ಎಫ್‌ಎಲ್ (ವೃತ್ತಿಪರ ಫುಟ್‌ಬಾಲ್ ಲೀಗ್) ಮ್ಯಾಚುಗಳೆಲ್ಲ ಸಿಗುವ ಸಂಡೇ ಟಿಕೆಟ್ 2022ರ ತನಕ ಅವರ ಹತ್ತಿರ ಮಾತ್ರ ಇತ್ತು. ಭಾನುವಾರದವರಿಗೆ ಅದು, ಶನಿವಾರದ ಕಾಲೇಜ್ ಮ್ಯಾಚಿನವರಿಗೆ ಡಿಶ್ ಅಂತ ಲೆಕ್ಕ. ಡಿಶ್‌ನ ಹಾಪರ್ ಬಾಕ್ಸ್‌ನಲ್ಲಿ ರೆಕಾರ್ಡ್ ಮಾಡಿಟ್ಟುಕೊಂಡು ನೋಡುವುದು ಆರಾಮ. ಅದಕ್ಕಿಂತ ದೊಡ್ಡ ಕಾರಣ ಅಮ್ಮ. ಆರು ತಿಂಗಳಿಗೆ ಅಂತ ಬರುತ್ತಿದ್ದ ಅಮ್ಮನಿಗೆ ಕನ್ನಡ ಚಾನೆಲ್ ಬೇಕಿತ್ತು, ಡಿಶ್‌ನಲ್ಲಿ ಸಿಗುತ್ತಿತ್ತು. ಒಂದೇ ಬಾಕ್ಸ್‌ನಲ್ಲಿ ಅತ್ತೆಗೆ ಸೀರಿಯಲ್ಲು, ಸೊಸೆಗೆ ಸ್ಟ್ಯಾನ್‌ಫರ್ಡ್. ಮನೆ ಶಾಂತವಾಗಿತ್ತು. ಇಬ್ಬರಿಗೂ ಒಂದೇ ಹೊತ್ತಿಗೆ ಟಿವಿ ಬೇಕಾದ ದಿನಗಳ ಸುದ್ದಿ ಇಲ್ಲಿ ಬೇಡ.

ಎರಡು ಡಿಶ್‌ಗಳಲ್ಲೂ ನಾನು ಕಂಡ ದೋಷ ಒಂದೇ, ಎರಡು ವರ್ಷದ ಕರಾರು. ಯಾವ ಕಂಪನಿ ಅಂತ ಹೇಳುವುದಿಲ್ಲ, ಒಂದನ್ನು ಮಧ್ಯದಲ್ಲೇ ಬಿಡಲು ಹೋದಾಗ ಉಳಿದ ತಿಂಗಳುಗಳಿಗೆಲ್ಲ ಲೆಕ್ಕ ಹಾಕಿ ದಂಡ ಕೇಳಿದರು. ನನಗೆ ಬೇಕಾದ ಚಾನೆಲ್ ತೋರಿಸುತ್ತೇವೆ ಅನ್ನುವ ಮಾತು ಮಾತ್ರ ಆ ಕರಾರಿನಲ್ಲಿ ಎಲ್ಲೂ ಇರಲಿಲ್ಲ. ಮೂರು ಸಲ ಹುಡುಕಿದೆ.

ಕೇಬಲ್ ಬಗ್ಗೆ ಜಾಸ್ತಿ ಹೇಳಲು ಏನಿಲ್ಲ. ಚಾನೆಲ್ ಇತ್ತು, ಬಿಲ್ಲೂ ಇತ್ತು.

ಇಷ್ಟೆಲ್ಲ ಸುತ್ತಾಡಿದ ಮೇಲೆ ನನಗೆ ಅರ್ಥವಾಗಿದ್ದು, ಯಾವ ಕಂಪನಿ ಒಳ್ಳೆಯದು ಅಂತ ಕೇಳಿದರೆ ಪ್ರಯೋಜನ ಇಲ್ಲ, ಚಾನೆಲ್ ಯಾರದು ಅಂತ ಕೇಳಬೇಕು. ಬೇರೆ ಕಾಲೇಜ್ ಕೂಟಗಳ ಚಾನೆಲ್ಲುಗಳನ್ನು ನೋಡಿ. 2007ರ ಬಿಗ್ ಟೆನ್ ನೆಟ್‌ವರ್ಕ್‌ನಲ್ಲಿ ಫಾಕ್ಸ್ ಟಿವಿ ಕಂಪನಿ ಪಾಲುದಾರ. 2014ರ ಎಸ್‌ಇಸಿ ನೆಟ್‌ವರ್ಕ್, 2019ರ ಎಸಿಸಿ ನೆಟ್‌ವರ್ಕ್ ಎರಡೂ ಇಎಸ್‌ಪಿಎನ್‌ನವು, ಅಂದರೆ ಡಿಸ್ನಿ ಮನೆಯವು. ಇವು ಮೂರೂ ಶುರುವಾದ ದಿನವೇ ಡೈರೆಕ್‌ಟಿವಿಯಲ್ಲಿ ಬಂದವು. ಡಿಸ್ನಿಯನ್ನು ಬೇಡ ಅಂದರೆ ಅವರದೇ ಚಾನೆಲ್ಲುಗಳಾದ ಇಎಸ್‌ಪಿಎನ್, ಎಬಿಸಿ ಎಲ್ಲಕ್ಕೂ ಕುತ್ತು. ಪ್ಯಾಕ್-12 ಮಾತ್ರ ಯಾರ ಪಾಲೂ ಇಲ್ಲದೆ ಚಾನೆಲ್ಲನ್ನು ಪೂರ್ತಿ ತನ್ನದಾಗಿ ಇಟ್ಟುಕೊಂಡಿತ್ತು. ಆಗ ಕಮಿಷನರ್ ಆಗಿದ್ದ ಲ್ಯಾರಿ ಸ್ಕಾಟ್‌ಗೆ ಅದೇ ಹೆಮ್ಮೆ. ಆದರೆ ಬೇಡ ಅಂದವರನ್ನು ಹೆದರಿಸಲು ಕೈಯಲ್ಲಿ ಬೇರೇನೂ ಇರಲಿಲ್ಲ. 2015ರಲ್ಲಿ ಫೋನ್ ಕಂಪನಿ ಎಟಿ ಅಂಡ್ ಟಿ ಬಂದು ಡೈರೆಕ್‌ಟಿವಿಯನ್ನು ಕೊಂಡಿತು, ಆಗಲೂ ಒಪ್ಪಂದ ಆಗಲಿಲ್ಲ. 2024ರ ಜೂನ್ 30ಕ್ಕೆ ಚಾನೆಲ್ಲೇ ಮುಚ್ಚಿತು. ಹನ್ನೆರಡರಲ್ಲಿ ಹತ್ತು ಯೂನಿವರ್ಸಿಟಿಗಳು ಆ ಬೇಸಿಗೆಯಲ್ಲಿ ಗುಂಪು ಬಿಟ್ಟವು.

ಸ್ಟ್ಯಾನ್‌ಫರ್ಡ್ ಹೋಗಿ ಸೇರಿದ್ದು ಎಸಿಸಿಗೆ, ಅಂದರೆ ಅಟ್ಲಾಂಟಿಕ್ ಕರಾವಳಿಯವರ ಕೂಟಕ್ಕೆ! ಕಾರವಾರದ ತಂಡ ಬಂಗಾಳ ಕೊಲ್ಲಿ ಲೀಗ್‌ನಲ್ಲಿ ಆಡಿದ ಹಾಗೆ. ಹನ್ನೆರಡು ವರ್ಷ ಡೈರೆಕ್‌ಟಿವಿಗೆ ಬಾರದ ಮ್ಯಾಚುಗಳು ಈಗ ಎಸಿಸಿ ನೆಟ್‌ವರ್ಕ್ ಮೂಲಕ ಸಲೀಸಾಗಿ ಬರುತ್ತವೆ. ಆದರೆ ಡಿಸ್ನಿ ಜೊತೆ ಜಗಳ ಆದಾಗ ಎಲ್ಲ ಒಟ್ಟಿಗೇ ಹೋಗುತ್ತವೆ. 2022ರ ಅಕ್ಟೋಬರ್ ಮೊದಲ ವಾರಾಂತ್ಯ ಡಿಶ್‌ನಲ್ಲಿ ಹೋಗಿತ್ತು. 2024ರ ಸೆಪ್ಟೆಂಬರ್ 1ಕ್ಕೆ ಡೈರೆಕ್‌ಟಿವಿಯಲ್ಲಿ ಹೋಯಿತು, ವಾಪಸ್ ಬಂದದ್ದು 14ಕ್ಕೆ.

ಆ ಸೆಪ್ಟೆಂಬರ್ 1ರಂದು ನಮ್ಮ ಮನೆಯ ಹೀರೋ ಆಂಟೆನಾ. ಲಾಸ್ ವೇಗಸ್‌ನಲ್ಲಿ ಯುಎಸ್‌ಸಿಗೂ ಎಲ್‌ಎಸ್‌ಯುಗೂ ಮ್ಯಾಚು, ಎಬಿಸಿಯಲ್ಲಿ. ನಮ್ಮ ಕಡೆಯ ಎಬಿಸಿ, ಅಂದರೆ ಏಳನೇ ಚಾನೆಲ್ಲು, ಡಿಸ್ನಿಯ ಸ್ವಂತದ್ದು. ಆದ್ದರಿಂದ ಡೈರೆಕ್‌ಟಿವಿ ಇದ್ದವರಿಗೆ ಅದೂ ಇಲ್ಲ. ಯುಎಸ್‌ಸಿಯಲ್ಲಿ ಓದಿದ ಪಕ್ಕದ ಮನೆಯ ತೆಲುಗು ಹುಡುಗ ಓಡಿ ಬಂದ. ಕಾಗದದಷ್ಟು ತೆಳ್ಳಗಿನ ಆಂಟೆನಾ, ಮೂವತ್ತು ಡಾಲರಿನದು. ಕಿಟಕಿ ಗಾಜಿಗೆ ಟೇಪ್ ಹಾಕಿ ಅಂಟಿಸಿದ್ದೆ. ಎಡ ಮೂಲೆಯಲ್ಲಿದ್ದರೆ ಚಿತ್ರ ಚೂರು ಚೂರು, ಬಲಕ್ಕೆ ಒಂದು ಗೇಣು ಸರಿಸಿದರೆ ಕನ್ನಡಿ ಹಾಗೆ. ಒಂದು ಹಂತದಲ್ಲಿ ಆ ಹುಡುಗ ಅದನ್ನು ಕೈಯಲ್ಲೇ ಹಿಡಿದುಕೊಂಡು ನಿಂತಿದ್ದ. ಯುಎಸ್‌ಸಿ 27-20ಕ್ಕೆ ಗೆದ್ದಾಗಲೂ ಕೈ ಇಳಿಸಲಿಲ್ಲ. ಬಿಟ್ಟಿ ಚಿತ್ರ, ತಿಂಗಳ ಬಿಲ್ಲಿಲ್ಲ. ಕೊರತೆ ಒಂದೇ, ಇಎಸ್‌ಪಿಎನ್, ಎಸಿಸಿ ನೆಟ್‌ವರ್ಕ್ ಗಾಳಿಯಲ್ಲಿ ಬರುವುದಿಲ್ಲ.

ಅದಕ್ಕೆ ಈಗ ಆಂಟೆನಾ ಜೊತೆ ಇಂಟರ್ನೆಟ್ ಮೇಲೆ ಚಾನೆಲ್ ಕೊಡುವ ಯೂಟ್ಯೂಬ್ ಟಿವಿ. ತಿಂಗಳಿಗೆ 82.99 ಡಾಲರ್. ಅಗ್ಗ ಅಲ್ಲ, ಆದರೆ ಕರಾರಿಲ್ಲ. ಆಗಸ್ಟ್ ಕೊನೆಗೆ ಹಾಕಿಸಿ ಜನವರಿಯಲ್ಲಿ ತೆಗೆಸಿದರೆ ಕೇಳುವವರಿಲ್ಲ. ನನಗೆ ಇದೇ ವಾಸಿ ಅನ್ನಿಸಿದೆ. ಇಲ್ಲೂ ಜಗಳ ತಪ್ಪಿದ್ದಲ್ಲ. 2025ರ ಅಕ್ಟೋಬರ್ 30ರ ರಾತ್ರಿ ಡಿಸ್ನಿ ಚಾನೆಲ್ಲುಗಳು ಹೋದವು, ನವೆಂಬರ್ 14ಕ್ಕೆ ಬಂದವು. ನಡುವೆ ಹೆಂಡತಿ ಕಾಯಲಿಲ್ಲ, ಇಎಸ್‌ಪಿಎನ್‌ನ ಹೊಸ ಆ್ಯಪ್‌ಗೆ 29.99 ಕೊಟ್ಟು ನೋಡಿದಳು. ಯೂಟ್ಯೂಬ್ ಟಿವಿ ಗ್ರಾಹಕರಿಗೆ 20 ಡಾಲರ್ ವಾಪಸ್ ಕೊಟ್ಟಿತು. ಕೈಬಿಟ್ಟದ್ದು ಹತ್ತು ಡಾಲರ್. ಮುಂದಿನ ವಾರ ಬರ್ಕ್ಲಿ ಜೊತೆ ಬಿಗ್ ಗೇಮ್, 31-10ಕ್ಕೆ ಸ್ಟ್ಯಾನ್‌ಫರ್ಡ್ ಗೆದ್ದಿತು. ಈ ಸಲ ಟಿಕೆಟ್ ತಗೊಂಡು ಸ್ಟೇಡಿಯಂಗೇ ಹೋಗಿದ್ದೆವು.